ಈಚೆಗೆ ಓದಿದ ಚಿತ್ರಕಾದಂಬರಿ, ಮಾಯಾಕಥೆ, ವಿಜ್ಞಾನ ಚರಿತ್ರೆ: ನೀವೇನು ಓದಿದಿರಿ?

ಹೊಳೆದಂಡೆ

ಈ ಮಳೆಗಾಲದ ಓದಿನಲ್ಲಿ ಮೂರು ಪುಸ್ತಕ ಮನಸ್ಸಿನಲ್ಲಿ ಕೂತುಬಿಟ್ಟಿವೆ. ಒಂದು ಚಿತ್ರಕಾದಂಬರಿ, ಒಂದು ಮಾಯಾಲೋಕದ ಕಥೆ, ಇನ್ನೊಂದು ಕಾಯಿಲೆಯೊಂದರ ಚರಿತ್ರೆ. ಮೊದಲನೆಯದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಚಿತ್ರವಿರುವ ಪುಸ್ತಕ ಕೈಗೆ ಸಿಕ್ಕರೆ ನಮ್ಮಲ್ಲಿ ಬಹಳ ಜನ ಮಾತಿನ ಗುಳ್ಳೆಗಳನ್ನಷ್ಟೇ ಓದುತ್ತಾ ಹೋಗಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. 'ಭೀಮಾಯಣ'ವನ್ನು ಹಾಗೆ ಓದಿದವರು ಅದನ್ನು ಓದಿಯೇ ಇಲ್ಲ ಎನ್ನಬೇಕು.

2011ರಲ್ಲಿ ನವಯಾನ ಪ್ರಕಾಶನ ತಂದ ಪುಸ್ತಕ ಇದು. ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಅಂಬೇಡ್ಕರ್ ತಮ್ಮ ಬದುಕಿನ ಅವಮಾನದ ಪ್ರಸಂಗಗಳನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಚಿಕ್ಕ ಬರಹದಲ್ಲಿ ದಾಖಲಿಸಿದ್ದಾರಲ್ಲ, ಅದೇ ಇದರ ಬುನಾದಿ. ನೀರು, ನೆಲೆ, ಪ್ರಯಾಣ ಎಂದು ಮೂರು ಭಾಗ. ಒಬ್ಬ ಮನುಷ್ಯನಿಗೆ ಬೇಕಾದ ತೀರಾ ಸಾಮಾನ್ಯವಾದ ಮೂರು ಸಂಗತಿಗಳು. ಆ ಮೂರೂ ಹೇಗೆ ನಿರಾಕರಣೆಯಾದವು ಎಂಬುದೇ ಕಥೆ.

ಸಾಮಾನ್ಯ ಕಾಮಿಕ್ಸ್‌ನಲ್ಲಿ ಪುಟವನ್ನು ಚೌಕಗಳಾಗಿ ಕತ್ತರಿಸಿರುತ್ತಾರೆ. ವ್ಯಾಮ್ ದಂಪತಿ ಅದಕ್ಕೆ ಒಪ್ಪಲಿಲ್ಲ. ನಮ್ಮ ಪಾತ್ರಗಳನ್ನು ಡಬ್ಬಿಯೊಳಗೆ ತುರುಕುವುದಿಲ್ಲ, ಅವಕ್ಕೆ ಉಸಿರುಕಟ್ಟುತ್ತದೆ ಎಂಬರ್ಥದ ಮಾತನ್ನು ಅವರು ಹೇಳಿದ್ದು ಪುಸ್ತಕದ ಕೊನೆಯ ಭಾಗದಲ್ಲಿದೆ. ಅವರ ಮನೆಗಳ ಗೋಡೆ, ನೆಲದ ಮೇಲೆ ಬರೆಯುವ 'ದಿಗ್ನಾ' ಎಂಬ ವಿನ್ಯಾಸ ಇಲ್ಲಿ ಬಳ್ಳಿಯ ಹಾಗೆ ಪುಟದ ತುಂಬ ಹರಿದು, ಒಂದು ಪ್ರಸಂಗವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಜಾತಿಯೆಂದರೆ ಗೆರೆ ಎಳೆದು ಮನುಷ್ಯರನ್ನು ಒಳಗೆ, ಹೊರಗೆ ಎಂದು ಕೂರಿಸುವುದು. ಅದರ ವಿರುದ್ಧ ಬದುಕಿದವರ ಕಥೆಯಲ್ಲಿ ಚೌಕದ ಗೆರೆಗಳೇ ಇಲ್ಲ ಎಂಬುದನ್ನು ನಾನು ಬಹಳ ದೊಡ್ಡ ತೀರ್ಮಾನ ಎಂದು ನೋಡುತ್ತೇನೆ.

ಮಾತಿನ ಗುಳ್ಳೆಗಳನ್ನೂ ಗಮನಿಸಿ. ಸಜ್ಜನರು, ನೊಂದವರು ಆಡುವ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿದೆ. ಜಾತಿಯ ವಿಷ ಕಾರುವವರ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ ಇದೆ. ಅಂದರೆ ಮಾತನ್ನು ಓದುವ ಮೊದಲೇ ಅದು ಕುಟುಕುವ ಮಾತು ಎಂದು ಕಣ್ಣಿಗೆ ಗೊತ್ತಾಗಿರುತ್ತದೆ. ಮನಸ್ಸಿನೊಳಗಿನ ಯೋಚನೆಗೆ ಇನ್ನೊಂದು ಬಗೆಯ ಗುಳ್ಳೆ, ಅದರಲ್ಲಿ ಒಂದು ಕಣ್ಣು. ಮಹಾಡದ ಚವದಾರ್ ಕೆರೆಯ ಪ್ರಸಂಗದಲ್ಲಿ (1927) ಅಂಬೇಡ್ಕರ್ ಭಾಷಣ ಮಾಡುವಾಗ ಧ್ವನಿವರ್ಧಕಗಳು ನೀರು ಚಿಮುಕಿಸುತ್ತವೆ. ಕೆರೆಯ ನೀರು ಮುಟ್ಟುವ ಹಕ್ಕು ಕೇಳಿ ಸೇರಿದ ಜನರ ಮೇಲೆ ಮಾತೇ ನೀರಾಗಿ ಬೀಳುತ್ತದೆ. ಈ ಚಿತ್ರವನ್ನು ವಾಕ್ಯದಲ್ಲಿ ಬರೆದರೆ ಅಲಂಕಾರವಾಗಿಬಿಡುತ್ತದೆ, ಬರೆದ ಚಿತ್ರದಲ್ಲಿ ಅದು ನಡೆದ ಘಟನೆ.

1901ರ ಪ್ರಯಾಣದ ಭಾಗದಲ್ಲಿ ನಾನು ತುಂಬ ಹೊತ್ತು ನಿಂತೆ. ಸಾತಾರದಿಂದ ಬಾಲಕ ಅಂಬೇಡ್ಕರ್ ಮತ್ತು ಜೊತೆಯ ಹುಡುಗರು ಅಪ್ಪನನ್ನು ನೋಡಲು ಹೊರಟಿದ್ದಾರೆ. ಹೊಸ ಬಟ್ಟೆ, ಟೋಪಿ, ಮೊದಲ ರೈಲು ಪ್ರಯಾಣದ ಸಡಗರ. ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿಲ್ಲ. ನೀವು ಯಾರು ಎಂದು ಕೇಳಿದ ಸ್ಟೇಷನ್ ಮಾಸ್ತರನಿಗೆ ಮಹಾರರು (ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜಾತಿ) ಎಂದು ಹೇಳಿದ ಕೂಡಲೇ ಅವನ ಮುಖ ಬದಲಾಗುತ್ತದೆ. ದುಪ್ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಅವರ ಜೊತೆ ಕೂರುವುದಿಲ್ಲ, ಮಕ್ಕಳೇ ಎತ್ತು ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. ಇಡೀ ರಾತ್ರಿ ಹಾಗೆಯೇ. ನಮ್ಮ ಹಳ್ಳಿಗಳಲ್ಲಿ ಇದೇ ಥರದ್ದನ್ನು ಕಂಡ ಹಿರಿಯರು ಇನ್ನೂ ಬದುಕಿದ್ದಾರೆ.

ಎರಡನೆಯದು ಅರ್ಸುಲಾ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' (1968). ಕಡಲಿನಲ್ಲಿ ಚದುರಿದ ನೂರಾರು ದ್ವೀಪಗಳ ಲೋಕ. ಗಾಂಟ್ ಎಂಬ ದ್ವೀಪದ ಮೇಕೆ ಕಾಯುವ ಹುಡುಗ ಗೆಡ್, ಮಂತ್ರವಿದ್ಯೆ ಕಲಿಯಲು ರೋಕ್ ದ್ವೀಪದ ಶಾಲೆಗೆ ಹೋಗುತ್ತಾನೆ. ಅಹಂಕಾರದಿಂದ, ಜೊತೆಗಾರನ ಎದುರು ಮೇಲುಗೈ ತೋರಿಸಲು ಹೋಗಿ, ಸತ್ತವರ ಲೋಕದಿಂದ ಒಂದು ನೆರಳನ್ನು ಬಿಡುಗಡೆ ಮಾಡಿಬಿಡುತ್ತಾನೆ. ಉಳಿದದ್ದೆಲ್ಲ ಆ ನೆರಳಿಗೂ ಅವನಿಗೂ ನಡುವಿನ ಓಟ. ಇದರಲ್ಲಿ ಯುದ್ಧವಿಲ್ಲ, ಸೈನ್ಯವಿಲ್ಲ, ಸಿಂಹಾಸನಕ್ಕಾಗಿ ಹೊಡೆದಾಟವಿಲ್ಲ. ಶಕ್ತಿ ಇರುವವನು ಅದನ್ನು ಯಾವಾಗ ಬಳಸಬಾರದು ಎಂಬ ಪ್ರಶ್ನೆಯೇ ಇಡೀ ಪುಸ್ತಕ. ರೋಕ್‌ನಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬರಬಹುದು ಎಂದು ಗುರುವೊಬ್ಬ ಹೇಳುತ್ತಾನೆ. ಬರಗಾಲ ಬಂದಾಗಲೆಲ್ಲ ಮೋಡಬಿತ್ತನೆಯ ಮಾತು ಕೇಳುವ ನಮಗೆ ಆ ಮಾತು ನೇರವಾಗಿ ತಟ್ಟುತ್ತದೆ. ಪೆಂಡರ್ ದ್ವೀಪದ ಡ್ರ್ಯಾಗನ್ ಪ್ರಸಂಗ ನನಗೆ ಅತ್ಯಂತ ಇಷ್ಟ. ನಿನ್ನನ್ನು ಬೆನ್ನಟ್ಟಿದ ನೆರಳಿನ ಹೆಸರು ಹೇಳಿಕೊಡುತ್ತೇನೆ ಎಂದು ಅದು ಆಸೆ ತೋರಿಸುತ್ತದೆ. ಗೆಡ್ ಅದನ್ನು ಬಿಟ್ಟು, ತನ್ನನ್ನು ನಂಬಿದ ದ್ವೀಪಗಳ ಬಡ ಜನರ ತಂಟೆಗೆ ಬರುವುದಿಲ್ಲ ಎಂಬ ಆಣೆಯನ್ನು ಅದರಿಂದ ಪಡೆಯುತ್ತಾನೆ. ಹುಂಬ ಹುಡುಗ ದೊಡ್ಡವನಾಗುವುದು ಆ ಕ್ಷಣದಲ್ಲಿ.

ಮೂರನೆಯದು ಸಿದ್ಧಾರ್ಥ ಮುಖರ್ಜಿಯವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' (2010), ಕ್ಯಾನ್ಸರಿನ ಚರಿತ್ರೆ. ದಪ್ಪ ಪುಸ್ತಕ, ಆದರೆ ಕೆಳಗಿಡಲು ಬಿಡುವುದಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ 1947ರಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಔಷಧ ಹುಡುಕುವ ಭಾಗವನ್ನು ಯಾರಾದರೂ ಓದಿದ್ದರೆ ಬರೆಯಿರಿ, ನನಗೆ ಅದರ ಬಗ್ಗೆ ಮಾತಾಡಬೇಕಿದೆ.

ಸಾಧನಕೇರಿ

ಹೊಳೆದಂಡೆ ಅವರ, ಭಾಳ ಛಲೋ ಬರದೀರಿ. ಚೇಳಿನ ಕೊಂಡಿ ನಾನೂ ನೋಡೀನಿ, ಹಕ್ಕಿನೂ ನೋಡೀನಿ. ಆದ್ರ ಒಂದು ಮಾತು ನೀವು ಬಿಟ್ಟೀರಿ. ಪುಸ್ತಕದ ಶುರುವಾತಿಗೆ ಬಸ್‌ಸ್ಟಾಪಿನ್ಯಾಗ ಇಬ್ಬರು ಮಾತಾಡ್ತಾರಲ್ರಿ, ಮೀಸಲಾತಿ ಬಗ್ಗೆ ಗೊಣಗೋ ಹುಡುಗ, ಅವಗ ತಿಳಿಸಿ ಹೇಳೋ ಹೆಣ್ಣುಮಗಳು. ಆಕೀ ಖೈರ್ಲಾಂಜಿ (2006ರಾಗ ದಲಿತ ಕುಟುಂಬದವರನ್ನ ಕೊಂದ ಮಹಾರಾಷ್ಟ್ರದ ಹಳ್ಳಿ) ಬಗ್ಗೆ ಹೇಳತಾಳ, ಅಂಬೇಡ್ಕರ್ ಬಗ್ಗೆ ಹೇಳತಾಳ, ಆತ ಪ್ರಶ್ನಾ ಕೇಳಕೋಂತ ಹೊಕ್ಕಾನ. ಅಲ್ಲಿ ನನಗ ಪುಸ್ತಕ ಪಾಠ ಮಾಡಲಿಕತ್ತದ ಅನಿಸ್ತು. ಚಿತ್ರ ಅಷ್ಟು ಗಟ್ಟಿ ಇದ್ದಾಗ ಮತ್ತೊಬ್ಬರು ಬಾಜೂಕ ನಿಂತು ಅರ್ಥ ಹೇಳೋದು ಯಾಕ ಬೇಕು?

ಅಂಬೇಡ್ಕರರ ಮೂಲ ಬರಹ ತಗದು ನೋಡ್ರಿ. ಒಂದು ವಿಶೇಷಣ ಹೆಚ್ಚಿಲ್ಲ. ಸಾಲ್ಯಾಗ ನೀರಡಿಸಿದ್ರ ಜವಾನ ಬಂದು ಮ್ಯಾಲಿಂದ ನೀರು ಹಾಕಬೇಕು, ಜವಾನ ಬರಲಿಲ್ಲಂದ್ರ ನೀರಿಲ್ಲ. ಇಷ್ಟ ಹೇಳ್ತಾರ, ಮುಂದಕ್ಕ ಹೋಗ್ತಾರ. ಆ ಸಂಯಮ ಓದೋರ ಎದಿ ಸೀಳ್ತದ. ನಮ್ಮ ಕಡೆಯವರೇ ಆದ ಅರವಿಂದ ಮಾಲಗತ್ತಿ ಅವರ ಆತ್ಮಕಥಿ 'ಗೌರ್ಮೆಂಟ್ ಬ್ರಾಹ್ಮಣ'ದಾಗೂ ಇದೇ ಗುಣ ಅದ. ಸಣ್ಣ ಸಣ್ಣ ಪ್ರಸಂಗ, ತೀರ್ಪು ಕೊಡೂದಿಲ್ಲ, ಆದ್ರ ಓದಿ ಮುಗಿಸಿದ ಮ್ಯಾಲೆ ನಿದ್ದಿ ಬರೂದಿಲ್ಲ. ಸಿದ್ಧಲಿಂಗಯ್ಯನವರ 'ಊರು ಕೇರಿ' ಅಂತೂ ನಗಿಸಿಕೋಂತನ ಒಳಗ ಕಡೀತದ. ಭೀಮಾಯಣದ ಚಿತ್ರಕ್ಕ ನೂರಕ್ಕ ನೂರು. ಬರಹಕ್ಕ ಅಷ್ಟು ಕೊಡಲಿಕ್ಕೆ ನನಗ ಮನಸ್ಸಿಲ್ಲ.

ಮುಂಗಾರು

ಬಸ್‌ಸ್ಟಾಪಿನ ಮಾತುಕತೆಯ ಬಗ್ಗೆ ನಾನು ಸಾಧನಕೇರಿಯವರ ಪಕ್ಷ. ಇದನ್ನೇ ಇನ್ನೊಂದು ಪುಸ್ತಕ ಹೇಗೆ ನಿಭಾಯಿಸಿದೆ ನೋಡಿ. ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಮುಗಿಸಿದೆ. ಎರಡು ಸಂಪುಟ, 1986 ಮತ್ತು 1991. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಯೆಹೂದ್ಯರು ಇಲಿ, ಜರ್ಮನ್ನರು ಬೆಕ್ಕು, ಪೋಲೆಂಡಿನವರು ಹಂದಿ. ಅಪ್ಪ ವ್ಲಾಡೆಕ್ ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ನಿಂದ ಬದುಕಿ ಬಂದವನು. ಮಗ ಟೇಪ್ ರೆಕಾರ್ಡರ್ ಹಿಡಿದು ಅವನ ಕಥೆ ಕೇಳುತ್ತಾನೆ.

ಇಲ್ಲೂ ಈಗಿನ ಕಾಲದ ಮಾತುಕತೆ ಇದೆ, ಭೀಮಾಯಣದಲ್ಲಿ ಇರುವ ಹಾಗೆಯೇ. ಆದರೆ ಇಲ್ಲಿ ಕೇಳುವವನಿಗೂ ಹೇಳುವವನಿಗೂ ನಡುವೆ ಜಗಳ ಇದೆ. ಅಪ್ಪ ಜಿಪುಣ, ಹಠಮಾರಿ, ಎರಡನೇ ಹೆಂಡತಿಯನ್ನು ಪ್ರತಿ ಮಾತಿಗೂ ಗೋಳು ಹೊಯ್ದುಕೊಳ್ಳುತ್ತಾನೆ, ಮಾತ್ರೆ ಎಣಿಸುತ್ತಾನೆ, ಬೆಂಕಿಕಡ್ಡಿ ಉಳಿಸುತ್ತಾನೆ. ಅಷ್ಟೆಲ್ಲ ಅನುಭವಿಸಿ ಬಂದವನು ದಾರಿಯಲ್ಲಿ ಸೊಸೆ ಒಬ್ಬ ಕಪ್ಪು ಮನುಷ್ಯನನ್ನು ಕಾರಿಗೆ ಹತ್ತಿಸಿಕೊಂಡಾಗ ಕೆಂಡವಾಗುತ್ತಾನೆ. ನೊಂದವನು ಅಷ್ಟಕ್ಕೇ ಒಳ್ಳೆಯವನಾಗಿಬಿಡುವುದಿಲ್ಲ ಎಂಬ ಕಹಿ ಸತ್ಯವನ್ನು ಮಗ ಮುಚ್ಚಿಡುವುದಿಲ್ಲ. ಅಮ್ಮ ಅನ್ಯಾ ಬರೆದಿಟ್ಟ ದಿನಚರಿಗಳನ್ನು ತಾನೇ ಸುಟ್ಟೆ ಎಂದು ಅಪ್ಪ ಬಾಯಿಬಿಟ್ಟಾಗ ಮಗ ಅವನನ್ನು ಕೊಲೆಗಾರ ಎನ್ನುತ್ತಾನೆ. ಮೊದಲ ಸಂಪುಟ ಮುಗಿಯುವುದೇ ಅಲ್ಲಿ. ಆಮೇಲೆ ನಾನು ಎರಡನೇ ಸಂಪುಟ ತೆರೆಯಲು ತುಂಬ ತಡಮಾಡಿದೆ.

ಮನುಷ್ಯರನ್ನು ಪ್ರಾಣಿಯಾಗಿ ಬರೆದರೆ ಇಡೀ ಜನಾಂಗಕ್ಕೆ ಒಂದೇ ಮುಖ ಕೊಟ್ಟ ಹಾಗಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎರಡನೇ ಸಂಪುಟದಲ್ಲಿ ಅದಕ್ಕೆ ಉತ್ತರ ಇದೆ. ಮೊದಲ ಸಂಪುಟ ಗೆದ್ದು ಹೆಸರು ಮಾಡಿದ ಮೇಲೆ ಲೇಖಕ ತನ್ನ ಮೇಜಿನ ಮುಂದೆ ಕೂತಿದ್ದಾನೆ, ಮನುಷ್ಯನ ತಲೆಗೆ ಇಲಿಯ ಮುಖವಾಡ ಕಟ್ಟಿಕೊಂಡು, ದಾರ ಹಿಂದೆ ಕಾಣುವ ಹಾಗೆ. ಸುತ್ತ ನೊಣಗಳು. ಕೆಳಗೆ ನೋಡಿದರೆ ಮೇಜಿನ ಬುಡದಲ್ಲಿ ಹೆಣಗಳ ರಾಶಿ. ಸತ್ತವರ ಕಥೆಯಿಂದ ತನಗೆ ಹೆಸರು ಬಂತಲ್ಲ ಎಂಬ ಸಂಕಟವನ್ನು ಹೇಳಲು ಅವನಿಗೆ ಒಂದು ವಾಕ್ಯವೂ ಬೇಕಾಗಲಿಲ್ಲ.

2022ರ ಜನವರಿಯಲ್ಲಿ ಅಮೆರಿಕದ ಟೆನೆಸಿಯ ಒಂದು ಜಿಲ್ಲೆಯ ಶಾಲಾ ಮಂಡಳಿ ಇದನ್ನು ಎಂಟನೇ ತರಗತಿಯ ಪಾಠದಿಂದ ತೆಗೆದುಹಾಕಿತು. ಬೈಗುಳದ ಮಾತು, ಬೆತ್ತಲೆ ಚಿತ್ರ ಎಂಬುದು ಕಾರಣ. ಆ ಬೆತ್ತಲೆ ಚಿತ್ರ ಯಾವುದೆಂದರೆ, ಆತ್ಮಹತ್ಯೆ ಮಾಡಿಕೊಂಡು ಸ್ನಾನದ ತೊಟ್ಟಿಯಲ್ಲಿ ಬಿದ್ದ ಅಮ್ಮನ ಪುಟ್ಟ ಚಿತ್ರ. ಅದನ್ನು ಅಶ್ಲೀಲ ಎಂದವರು ಆ ಪುಟವನ್ನು ನೋಡಿದ್ದಾರೆ, ಓದಿಲ್ಲ.

ಹೊಳೆದಂಡೆ

ಇಬ್ಬರಿಗೂ ಒಟ್ಟಿಗೇ ಉತ್ತರ. ಬಸ್‌ಸ್ಟಾಪಿನ ಹೆಣ್ಣುಮಗಳ ಮಾತು ಕೆಲವು ಕಡೆ ಪಾಠದಂತಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ಕಿತ್ತುಹಾಕಿದರೆ ಪುಸ್ತಕ ಹಳೆಯ ಕಾಲದ ಕಥೆಯಾಗಿ ಉಳಿಯುತ್ತದೆ, ಓದಿದವರು ಅಯ್ಯೋ ಪಾಪ ಎಂದು ಮುಚ್ಚಿಡುತ್ತಾರೆ. ನಡುವೆ ಈಚಿನ ಪತ್ರಿಕೆಗಳ ವರದಿಗಳನ್ನು ಅಂಟಿಸಿದ್ದಾರಲ್ಲ, ಬಾವಿಯ ನೀರಿಗಾಗಿ ಹೊಡೆದದ್ದು, ಕೊಂದದ್ದು, ಅವು 1901ರ ಹುಡುಗರ ಬಾಯಾರಿಕೆಯನ್ನು ಇವತ್ತಿಗೆ ಎಳೆದು ತರುತ್ತವೆ. ಆ ಕೆಲಸವನ್ನು ವ್ಯಾಮ್ ದಂಪತಿಯ ಚಿತ್ರವೊಂದೇ ಮಾಡಲಾರದು. ಅವರ ಚಿತ್ರಕ್ಕೆ ಕಾಲವಿಲ್ಲ, ಮರ, ಮೀನು, ನವಿಲು, ಹಾವು ಎಲ್ಲ ಕಾಲಕ್ಕೂ ಸಲ್ಲುವಂಥವು.

ಇನ್ನೊಂದು. ಪರಧಾನರು ಮೂಲದಲ್ಲಿ ಗೊಂಡರಿಗೆ ಹಾಡಿ ಕಥೆ ಹೇಳುತ್ತಿದ್ದವರು, 'ಬಾನಾ' ಎಂಬ ತಂತಿವಾದ್ಯ ಹಿಡಿದು ವಂಶದ ಕಥೆ, ದೇವರ ಕಥೆ ಹಾಡುತ್ತಿದ್ದವರು. ಪಾಟನ್‌ಗಢದ ಜನಗಢ ಸಿಂಗ್ ಶ್ಯಾಮ್ 1980ರ ದಶಕದಲ್ಲಿ ಭೋಪಾಲಿನ ಭಾರತ ಭವನಕ್ಕೆ ಬಂದು ಕಾಗದ, ಕ್ಯಾನ್ವಾಸಿನ ಮೇಲೆ ಬರೆಯತೊಡಗಿದ ಮೇಲೆ ಆ ಹಾಡುಗಾರಿಕೆ ಚಿತ್ರಕ್ಕೆ ಇಳಿಯಿತು. ಹಾಗಾಗಿ ಭೀಮಾಯಣದಲ್ಲಿ ಒಬ್ಬರು ಹೇಳುತ್ತಾ ಇನ್ನೊಬ್ಬರು ಕೇಳುತ್ತಾ ಇರುವುದು ನನಗೆ ಸಹಜವಾಗಿಯೇ ಕಂಡಿತು.

'ಮೌಸ್'ನ ಮುಖವಾಡದ ಪುಟದ ಬಗ್ಗೆ ಮುಂಗಾರು ಬರೆದದ್ದನ್ನು ಓದಿ, ಆ ಪುಟ ತೆಗೆದು ಮತ್ತೆ ನೋಡಿದೆ. ಹೌದು.

ಲ್ಯಾಬ್ ಕನ್ನಡಕ

ಕ್ಯಾನ್ಸರ್ ಪುಸ್ತಕದ ಬಗ್ಗೆ ಕೇಳಿದ್ರಲ್ಲ, ನಾನು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುವವಳು, ಹೇಳುತ್ತೇನೆ.

ಫಾರ್ಬರ್ ಕಥೆಯ ಬೇರು ಮುಂಬೈಯಲ್ಲಿದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆ ನೋಡಲು ಬಂದರು. ಮಾರ್ಮೈಟ್ ಎಂಬ ಯೀಸ್ಟ್ ಸಾರ ಕೊಟ್ಟಾಗ ರಕ್ತ ಸುಧಾರಿಸಿತು. ಅದರೊಳಗಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲ ಎಂದು ಗೊತ್ತಾಯಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಜೊತೆಗಿರುತ್ತಲ್ಲ, ಅದೇ. ರಕ್ತ ಬೆಳೆಸುವ ಈ ವಸ್ತುವನ್ನು ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ಕಾಯಿಲೆ ಕಡಿಮೆಯಾಗುವ ಬದಲು ನಾಗಾಲೋಟದಲ್ಲಿ ಏರಿತು. ಹಾಗಾದರೆ ಇದಕ್ಕೆ ತಡೆ ಹಾಕುವ ವಸ್ತು ಸಿಕ್ಕರೆ? ಆ ವಸ್ತುಗಳನ್ನು ತಯಾರಿಸಿಕೊಟ್ಟದ್ದು ಲೆಡರ್ಲೆ ಕಂಪನಿಯಲ್ಲಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ.

ಸುಬ್ಬರಾವ್ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದವರು. ಹಾರ್ವರ್ಡ್‌ನಲ್ಲಿ ಫಿಸ್ಕೆ ಎಂಬ ವಿಜ್ಞಾನಿಯ ಜೊತೆ ಸೇರಿ ಸ್ನಾಯುವಿನ ಶಕ್ತಿಯ ಮೂಲವಾದ ಎಟಿಪಿಯನ್ನು ಕಂಡುಹಿಡಿದವರಲ್ಲಿ ಒಬ್ಬರು. ಆದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ, ಕಂಪನಿಗೆ ಹೋದರು. 1948ರ ಜೂನ್‌ನಲ್ಲಿ ಫಾರ್ಬರ್ ತಮ್ಮ ಫಲಿತಾಂಶ ಪ್ರಕಟಿಸಿದರು: ಔಷಧ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು, ಕೆಲವು ತಿಂಗಳ ಮಟ್ಟಿಗೆ ಮಾತ್ರ. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಹೋದರು. ಅದೇ ಕುಟುಂಬದ ಔಷಧ ಮೆಥೊಟ್ರೆಕ್ಸೇಟ್ ಇವತ್ತಿಗೂ ನಮ್ಮ ವಾರ್ಡಿನಲ್ಲಿ ನಡೆಯುತ್ತದೆ, ಕೀಲುವಾತಕ್ಕೂ ಕೊಡುತ್ತಾರೆ. ಆ ಹೆಸರಿನ ಚೀಟಿ ಬಂದಾಗ ನನಗೆ ಸುಬ್ಬರಾವ್ ನೆನಪಾಗುತ್ತಾರೆ.

ಪುಸ್ತಕದ ಮೇಲೆ ನನ್ನ ತಕರಾರೂ ಇದೆ. ಮುಖರ್ಜಿಯವರ ರೋಗಿಗಳೆಲ್ಲ ಅಮೆರಿಕದವರು. ಕಾಯಿಲೆ ತೀರಾ ಬೆಳೆದ ಮೇಲೆ ರಾಯಚೂರು, ಬೀದರಿನಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬರುವವರ ಕ್ಯಾನ್ಸರ್ ಬೇರೆಯೇ. ತಂಬಾಕು, ಎಲೆಅಡಿಕೆ, ತಡವಾದ ಪರೀಕ್ಷೆ, ಮಾರಿದ ಹೊಲ. ಅದರ ಚರಿತ್ರೆಯನ್ನು ಕನ್ನಡದಲ್ಲಿ ನಮ್ಮ ವೈದ್ಯರೇ ಯಾರಾದರೂ ಬರೆಯಬೇಕು.

ಚಿತ್ರವನ್ನೂ ಓದಬೇಕು ಎಂದಿರಲ್ಲ, ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಹಿಡಿದು ಕೂತಿದ್ದೇನೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸಸ್ಯಶಾಸ್ತ್ರದ ಪುಸ್ತಕ! ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟ ಸುತ್ತಿದ ಕಥೆ. ಅವರೇ ಬರೆದ ರೇಖಾಚಿತ್ರಗಳಲ್ಲಿ ಒಂದು ಎಲೆ, ಒಂದು ಹೂವಿನ ಅಡ್ಡಕೊಯ್ತ ಎಷ್ಟು ನಿಚ್ಚಳ ಎಂದರೆ, ಗಿಡ ಎದುರಿಗೆ ಬಂದರೆ ಗುರುತು ಹಿಡಿಯಬಹುದು. ಕಥೆಯಲ್ಲದ ಬರಹದಲ್ಲಿ ಚಿತ್ರಕ್ಕೆ ಇಷ್ಟು ಕೆಲಸ ಕೊಟ್ಟ ಕನ್ನಡ ಪುಸ್ತಕ ನನಗೆ ಇನ್ನೊಂದು ಗೊತ್ತಿಲ್ಲ.

ಕಾಗದದ ದೋಣಿ

ಫ್ಯಾಂಟಸಿ ಓದುವವಳು ನಾನೊಬ್ಬಳೇ ಏನೋ ಅಂದುಕೊಂಡಿದ್ದೆ, ಅರ್ತ್‌ಸೀ ಹೆಸರು ನೋಡಿ ಖುಷಿಯಾಯಿತು. ಗೆಡ್‌ನ ಮೈಬಣ್ಣ ಕೆಂಪು ಬೆರೆತ ಕಂದು, ಅವನ ಗೆಳೆಯ ವೆಚ್ ಇನ್ನೂ ಕಪ್ಪು. ಬಿಳಿಯರು ಆ ಲೋಕದಲ್ಲಿ ದಾಳಿಕೋರರು. 1968ರಲ್ಲಿ ಹಾಗೆ ಬರೆಯುವುದು ಸಣ್ಣ ಮಾತಲ್ಲ. ಆದರೂ ಎಷ್ಟೋ ಮುಖಪುಟಗಳಲ್ಲಿ, 2004ರ ಟಿವಿ ಸರಣಿಯಲ್ಲಿ ಅವನನ್ನು ಬೆಳ್ಳಗೆ ಮಾಡಿದರು. ಲೇಖಕಿ ಅದನ್ನು ಬಹಿರಂಗವಾಗಿ ವಿರೋಧಿಸಿದರು.

ನಮ್ಮ ನೆರೆಯ ಶ್ರೀಲಂಕಾದ ವಜ್ರ ಚಂದ್ರಶೇಖರ ಬರೆದ 'ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್' (2023) ಓದಿ. ವಿಜ್ಞಾನಕಥೆ, ಫ್ಯಾಂಟಸಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಪಡೆದ ಕಾದಂಬರಿ. ಹುಟ್ಟಿದ ಕೂಡಲೇ ತಾಯಿ ಮಗುವಿನ ನೆರಳನ್ನು ಮೊಳೆಯಿಂದ ಕಿತ್ತುಹಾಕುತ್ತಾಳೆ. ಅಪ್ಪನನ್ನು ಕೊಲ್ಲಬೇಕೆಂದೇ ಅವನನ್ನು ಬೆಳೆಸುತ್ತಾಳೆ. ಆ ಅಪ್ಪ ಒಂದು ಧರ್ಮದ ಮಹಾಗುರು, ಹೆಂಡತಿ ಮಗನನ್ನು ಬಿಟ್ಟು ಹೋದವನು. ರಾಹುಲನ ಕಡೆಯಿಂದ ನೋಡಿದರೆ ಬುದ್ಧನ ಕಥೆ ಹೇಗಿರುತ್ತದೆ ಎಂದು ಯೋಚಿಸಿದವರಿಗೆ ಇದು ಬೇಗ ಹತ್ತಿರವಾಗುತ್ತದೆ. ಊರಿನ ತುಂಬ ತೆರೆಯದ ಬಣ್ಣದ ಬಾಗಿಲುಗಳು, ಅವುಗಳ ಬಗ್ಗೆ ಸರ್ಕಾರಿ ಸಂಶೋಧನೆ, ಗುರುತಿನ ಚೀಟಿ, ಗಲಭೆ, ಶಿಬಿರ. ಮಧ್ಯದ ಭಾಗ ಎಳೆದಂತಿದೆ, ಶಿಬಿರದ ಅಲೆದಾಟ ಅಷ್ಟು ಉದ್ದ ಬೇಕಿರಲಿಲ್ಲ. ಆದರೆ ಮಾಯೆ ಮತ್ತು ಕಚೇರಿಯ ಕಡತ ಒಂದೇ ಊರಿನಲ್ಲಿ ಬದುಕುವುದನ್ನು ಇಷ್ಟು ನಂಬುವಂತೆ ಬರೆದದ್ದನ್ನು ನಾನು ಓದಿರಲಿಲ್ಲ.

ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ' (2020) ಚಿಕ್ಕದು. ಕೊನೆಯಿಲ್ಲದ ಹಜಾರಗಳ ಮನೆ, ಗೋಡೆಗುಂಟ ಶಿಲ್ಪಗಳು, ಕೆಳ ಅಂತಸ್ತಿಗೆ ನುಗ್ಗುವ ಕಡಲು. ಒಬ್ಬನೇ ಇದ್ದಾನೆ. ಅಲ್ಲಿ ಸಿಕ್ಕ ಮೂಳೆಗಳಿಗೆ ಹೂವು, ನೀರು, ಅನ್ನ ಇಡುತ್ತಾನೆ. ಕಥೆ ಹೇಳಿದರೆ ಹಾಳಾಗುತ್ತದೆ, ಓದಿಕೊಳ್ಳಿ.

ಕನ್ನಡದಲ್ಲಿ ಕಂಬಾರರ ಶಿವಾಪುರ ಇದ್ದೇ ಇದೆ, ಅದು ಪೂರ್ತಿ ಒಂದು ಲೋಕ. ತೇಜಸ್ವಿಯವರ 'ಕರ್ವಾಲೊ'ವನ್ನು ಯಾರೂ ಫ್ಯಾಂಟಸಿ ಎನ್ನುವುದಿಲ್ಲ. ಆದರೆ ಹಾರುವ ಓತಿಯ ಹಿಂದೆ ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯುವವ, ಒಬ್ಬ ಬಿರಿಯಾನಿ ಮಾಡುವವ ಕಾಡು ನುಗ್ಗುವಾಗ ನನಗಾಗುವ ಬೆರಗು ರೋಕ್ ದ್ವೀಪದಲ್ಲಿ ಆಗುವ ಬೆರಗೇ.

ಅಚ್ಚುಮೊಳೆ

ಎಲ್ಲರೂ ಇಂಗ್ಲಿಷಿನ ಚಿತ್ರಕಾದಂಬರಿಗಳ ಬಗ್ಗೆ ಬರೆಯುತ್ತಿದ್ದೀರಿ. ಪುಸ್ತಕ ಅಚ್ಚು ಹಾಕುವ ಕಡೆಯಿಂದ ಒಂದೆರಡು ಮಾತು.

ಅಮರ ಚಿತ್ರಕಥೆಯನ್ನು 1967ರಲ್ಲಿ ಶುರುಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಅದಕ್ಕೂ ಮುಂಚೆ, 1965ರಲ್ಲಿ, ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲೇ ಬಂದಿದ್ದವು, ಸಿಂಡ್ರೆಲಾ ಥರದ ಪಶ್ಚಿಮದ ಕಥೆಗಳು. ಹಾಗಾಗಿ ಇಂಗ್ಲಿಷ್ ಸರಣಿ ಶುರುವಾಗುವುದೇ 11ನೇ ಸಂಖ್ಯೆಯಿಂದ, 'ಕೃಷ್ಣ'ದಿಂದ. ಬಾಲಮಂಗಳದ ಡಿಂಗನನ್ನು ಕಾದು ಓದಿದ ತಲೆಮಾರು ಈಗ ನಲವತ್ತು ದಾಟಿದೆ. ಚಿತ್ರ ಓದುವ ರೂಢಿ ನಮಗೆ ಹೊಸದೇನಲ್ಲ. ದೊಡ್ಡವರಿಗೆಂದು ಬರೆದ ಚಿತ್ರಕಾದಂಬರಿಯ ಕಪಾಟು ಮಾತ್ರ ಕನ್ನಡದಲ್ಲಿ ಖಾಲಿಯಂತೆಯೇ ಇದೆ.

ಕಾರಣ ಹೆಚ್ಚಾಗಿ ಹಣದ್ದು. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕುವುದೇ ಧೈರ್ಯ. ಬಣ್ಣದ ಪುಟಕ್ಕೆ ಆರ್ಟ್ ಕಾಗದ, ನಾಲ್ಕು ಬಣ್ಣದ ಮುದ್ರಣ ಎಂದರೆ ಪ್ರತಿಯ ಬೆಲೆ ಕಾದಂಬರಿಯ ಮೂರು ನಾಲ್ಕು ಪಟ್ಟು ಆಗುತ್ತದೆ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಟದ ಲೆಕ್ಕಕ್ಕೆ ಬೆಲೆ ಕಟ್ಟುತ್ತಾರೆ. ಒಂದು ಪುಟ ಟೈಪ್ ಮಾಡಿದ್ದಕ್ಕೂ ಒಬ್ಬ ಕಲಾವಿದ ವಾರಗಟ್ಟಲೆ ಕೂತು ಬರೆದ ಪುಟಕ್ಕೂ ಆ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಇನ್ನೂರು ಪುಟದ ಚಿತ್ರಕಾದಂಬರಿಗೆ ಕಲಾವಿದನ ಎರಡು ಮೂರು ವರ್ಷ ಬೇಕು, ಆ ವರ್ಷಗಳ ಊಟ ಯಾರು ಕೊಡುತ್ತಾರೆ?

ನನ್ನ ಸಲಹೆ ಕಪ್ಪು ಬಿಳುಪು. 'ಮೌಸ್' ಕಪ್ಪು ಬಿಳುಪೇ, ಮರ್ಜಾನ್ ಸತ್ರಾಪಿಯವರ 'ಪರ್ಸೆಪೊಲಿಸ್' ಕೂಡ. 1979ರ ಇರಾನ್ ಕ್ರಾಂತಿಯನ್ನು ಹತ್ತು ವರ್ಷದ ಹುಡುಗಿಯ ಕಣ್ಣಿನಿಂದ ಹೇಳುವ ಆ ಪುಸ್ತಕದಲ್ಲಿ ಬೂದು ಬಣ್ಣವೂ ಇಲ್ಲ, ಬರೀ ಕಡುಗಪ್ಪು, ಬಿಳಿ. ಹಣವಿಲ್ಲ ಎಂಬ ಕಾರಣಕ್ಕೆ ಕಪ್ಪು ಬಿಳುಪಿಗೆ ಹೋದರೂ ಕಲೆಗೆ ನಷ್ಟವಾಗುವುದಿಲ್ಲ.

ಶರಾವತಿ ತಡಿ

ಅಚ್ಚುಮೊಳೆ ಸರ್ ಕಪ್ಪು ಬಿಳುಪು ಎಂದದ್ದಕ್ಕೆ ಬರೆಯುತ್ತಿದ್ದೇನೆ. ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್' 1994ರಲ್ಲಿ ಬಂದದ್ದು, ಭಾರತದ ಮೊದಲ ಚಿತ್ರಕಾದಂಬರಿ ಎನ್ನುತ್ತಾರೆ. ಬಹಳ ವರ್ಷ ಎಲ್ಲೂ ಸಿಗುತ್ತಿರಲಿಲ್ಲ. 2022ರಲ್ಲಿ ಚೆನ್ನೈಯ ಬ್ಲಾಫ್ಟ್ ಪ್ರಕಾಶನ ಮರುಮುದ್ರಿಸಿತು. ನರ್ಮದಾ ಕಣಿವೆಯ ಅಣೆಕಟ್ಟು, ಒಕ್ಕಲೆಬ್ಬಿಸಲಾದ ಆದಿವಾಸಿಗಳು, ಅದನ್ನು ವರದಿ ಮಾಡಲು ಹೋಗುವ ಒಬ್ಬ ಪತ್ರಕರ್ತ. ಇನ್ನೊಂದು ಎಳೆಯಲ್ಲಿ ಆದಿವಾಸಿ ಹಾಡುಗಾರ ಲೋಕ ಹುಟ್ಟಿದ ಕಥೆ ಹಾಡುತ್ತಾನೆ. ಹಾಡಿನ ಪುಟಗಳ ಗೆರೆ ಬಳುಕುತ್ತದೆ, ಪಟ್ಟಣದ ಪುಟಗಳ ಗೆರೆ ನೆಟ್ಟಗೆ, ಗಡುಸಾಗಿದೆ. ಎರಡು ಬಗೆಯ ಬದುಕು ಎಂದು ಬಾಯಿಬಿಟ್ಟು ಹೇಳದೆಯೇ ಕೈಯ ಗೆರೆ ಹೇಳಿಬಿಡುತ್ತದೆ. ಪತ್ರಕರ್ತನ ಪಾತ್ರ ಸ್ವಲ್ಪ ತೆಳು. ನದಿ ಮಾತ್ರ ಎಲ್ಲ ಪುಟದಲ್ಲೂ ಇದೆ.

ನಮ್ಮದು ಸಾಗರದ ಕಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನೀರಿನಲ್ಲಿ ಹೋದ ಹಳ್ಳಿಗಳಲ್ಲಿ ನಮ್ಮ ಅಜ್ಜಿಯ ತವರೂ ಒಂದು. ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಬರೆದರು, 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಆದರೆ ಮುಳುಗಿದ ಊರಿನ ನಕ್ಷೆ, ಮನೆಗಳ ಸಾಲು, ಅಡಿಕೆ ತೋಟದ ಅಂಚು, ದೇವಸ್ಥಾನದ ಮೆಟ್ಟಿಲು ಈಗ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಫೋಟೋ ಇದ್ದವರು ಕಡಿಮೆ. ಅಜ್ಜಿಯನ್ನು ಕೂರಿಸಿಕೊಂಡು ಕೇಳಿ ಬರೆಯುವ ಚಿತ್ರಕಾರರಿದ್ದರೆ ಇದು ಚಿತ್ರಕಾದಂಬರಿಗೇ ತಕ್ಕ ವಿಷಯ. ನೀರಿನ ಕೆಳಗಿನ ಊರನ್ನು ಕ್ಯಾಮೆರಾ ತೋರಿಸಲಾರದು, ಪೆನ್ಸಿಲ್ ತೋರಿಸಬಲ್ಲದು.

ಸಾಧನಕೇರಿ

ಶರಾವತಿ ತಡಿಯವರ, ನಮ್ಮ ಕಡೆನೂ ಆಲಮಟ್ಟಿ ಹಿನ್ನೀರಿನ್ಯಾಗ ಹಳೇ ಬಾಗಲಕೋಟಿ ಹ್ವಾದದ್ದು ನೋಡಿದವರು ಇದ್ದಾರ. ಅವರೆಲ್ಲ ಇನ್ನೂ ಗಟ್ಟಿ ಇದ್ದಾರ, ಕೇಳಿದ್ರ ಓಣಿ ಓಣಿ ಹೇಳ್ತಾರ. ನೀವು ಶುರು ಮಾಡೂದಾದ್ರ ನನ್ನ ಕಡೆ ಚಿತ್ರಾ ತಗಿಯೋ ಹುಡುಗ್ಯಾರು ಇಬ್ಬ್ರು ಇದ್ದಾರ, ಧಾರವಾಡದಾಗ ಕಲೀಲಿಕತ್ತಾರ. ಅವರಿಗೆ ಮೊದಲ 'ರಿವರ್ ಆಫ್ ಸ್ಟೋರೀಸ್' ಓದಲಿಕ್ಕೆ ಕೊಡತೀನಿ.

ಹೊಳೆದಂಡೆ

ಒಳಪೆಟ್ಟಿಗೆಯಲ್ಲಿ ಇಬ್ಬರು ಒಂದೇ ಪ್ರಶ್ನೆ ಕೇಳಿದ್ದಾರೆ, ಒಂಬತ್ತನೇ ತರಗತಿಯ ಮಕ್ಕಳಿಗೆ ಇವುಗಳಲ್ಲಿ ಯಾವುದನ್ನು ಮೊದಲು ಕೊಡಬೇಕು ಎಂದು. 'ಅರ್ತ್‌ಸೀ' ಮತ್ತು 'ಭೀಮಾಯಣ' ಕೊಡಿ, ಭೀಮಾಯಣವನ್ನು ಜೊತೆಗೆ ಕೂತು ಪುಟ ತಿರುಗಿಸಿ, ಗುಳ್ಳೆಗಳ ಆಕಾರ ಅವರೇ ಕಂಡುಹಿಡಿಯಲಿ. 'ಮೌಸ್' ಸ್ವಲ್ಪ ತಡೆದು ಕೊಡಿ, ಅಮ್ಮನ ಸಾವಿನ ಪುಟಗಳ ಬಗ್ಗೆ ಮೊದಲೇ ಒಂದು ಮಾತು ಹೇಳಿ. 'ಹಸುರು ಹೊನ್ನು' ಯಾವ ವಯಸ್ಸಿಗೂ ಆಗುತ್ತದೆ. ಕ್ಯಾನ್ಸರ್ ಪುಸ್ತಕ ಕಾಲೇಜಿಗೆ ಬಂದ ಮೇಲೆ ಸಾಕು.

ಶರಾವತಿ ತಡಿ, ಅಜ್ಜಿಯ ಮಾತನ್ನು ಮೊದಲು ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಚಿತ್ರ ಆಮೇಲೆ ಬರೆಸಬಹುದು.